ಕಡಲಿಲ್ಲದ ಊರಿನ ಹಡಗು

ಮೈಸೂರಿಗೆ ಕಡಲಿಲ್ಲ. ಆದರೂ ನಮ್ಮ ನೌಕಾಪಡೆಯಲ್ಲಿ ಮೈಸೂರಿನ ಹೆಸರು ಹೊತ್ತ ಸಮರನೌಕೆಯೊಂದಿದೆ. 163 ಮೀಟರ್ ಉದ್ದ, ನಾಲ್ಕು ಗ್ಯಾಸ್ ಟರ್ಬೈನ್, ಲಾಂಛನದಲ್ಲಿ ನಮ್ಮದೇ ಗಂಡಭೇರುಂಡ. ಅದು ಐಎನ್‌ಎಸ್ ಮೈಸೂರು. ಪಕ್ಕೆಯ ಮೇಲೆ ಬರೆದ ಸಂಖ್ಯೆ ಡಿ60.

ನೌಕಾಪಡೆಯವರು ಇಂಥ ಹಡಗನ್ನು ಡೆಸ್ಟ್ರಾಯರ್ ಎನ್ನುತ್ತಾರೆ. ಟಾರ್ಪೆಡೊ ಹೊತ್ತು ಬರುವ ಪುಟ್ಟ ದೋಣಿಗಳನ್ನು ಹೊಡೆದುರುಳಿಸಲೆಂದು ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಹುಟ್ಟಿದ ಜಾತಿಯಿದು. ಇಂದು ವಿಮಾನ, ಜಲಾಂತರ್ಗಾಮಿ, ಶತ್ರುನೌಕೆ ಮೂರನ್ನೂ ಒಂಟಿಯಾಗಿ ಎದುರಿಸಬಲ್ಲದು.

ಕಟ್ಟಿದ್ದು ಮುಂಬೈನ ಮಜಗಾಂವ್ ಡಾಕ್. ಈ ವರ್ಗದ ಮೊದಲ ನೌಕೆ ‘ದೆಹಲಿ’ 1991ರ ಫೆಬ್ರುವರಿ 1ರಂದು ನೀರಿಗಿಳಿಯಿತು. ಮರುದಿನವೇ ‘ಮೈಸೂರು’ ನೌಕೆಯ ಕೀಲ್ ಇಟ್ಟರು. ಕೀಲ್ ಎಂದರೆ ಹಡಗಿನ ಬೆನ್ನೆಲುಬು. ಮನೆಗೆ ಪಾಯ ಹಾಕುವಾಗಿನಂತೆ ಅಲ್ಲಿಯೂ ಪೂಜೆಯಾಗುತ್ತದೆ. ಆಮೇಲೆ ಎರಡು ವರ್ಷ ಉಕ್ಕಿನ ಹಲಗೆ ಕತ್ತರಿಸುವುದು, ಬಾಗಿಸುವುದು, ಬೆಸೆಯುವುದು. ಬೆಸುಗೆಯೊಳಗೆ ಕೂದಲೆಳೆಯ ಬಿರುಕೂ ಉಳಿಯಬಾರದೆಂದು ಎಕ್ಸ್‌ರೇ ತೆಗೆದು ನೋಡುತ್ತಾರೆ. ವೆಲ್ಡರನ ಕೈ ಚೂರು ನಡುಗಿದ್ದರೂ ಅದು ಫಿಲ್ಮಿನಲ್ಲಿ ಕಾಣಿಸುತ್ತದೆ. ಅಷ್ಟು ಭಾಗ ಕೆತ್ತಿ ತೆಗೆದು ಮತ್ತೆ ಬೆಸೆಯಬೇಕು.

ನೀರಿಗಿಳಿಸುವ ದಿನವನ್ನು ಸಮುದ್ರದ ಉಬ್ಬರ ನೋಡಿ ಗೊತ್ತುಮಾಡುತ್ತಾರೆ. ಇಳಿಜಾರಿಗೆ ದಪ್ಪಗೆ ಗ್ರೀಸ್ ಬಳಿದಿರುತ್ತದೆ. ಹಡಗಿನ ಮೂತಿಗೆ ತೆಂಗಿನಕಾಯಿ ಒಡೆದು, ಹೆಸರು ಹೇಳಿ ಹರಸುವವರು ಹೆಣ್ಣುಮಕ್ಕಳೇ. ನಮ್ಮ ನೌಕಾಪಡೆಯಲ್ಲಿ ಅದು ವಾಡಿಕೆ. ತಡೆ ಬಿಚ್ಚಿದೊಡನೆ ಸಾವಿರಾರು ಟನ್ ಉಕ್ಕು ಹಿಂಬದಿಯಿಂದ ಜಾರಿ ನೀರಿಗೆ ಬೀಳುತ್ತದೆ. ವರ್ಷಗಟ್ಟಲೆಯ ಬೆವರಿನ ಫಲ ಕೆಲವೇ ಕ್ಷಣಗಳಲ್ಲಿ ತೇಲಬೇಕು. ‘ಮೈಸೂರು’ ತೇಲಿದ್ದು 1993ರ ಜೂನ್ 4ರಂದು.

ಆದರೆ ತೇಲಿದ್ದು ಚಿಪ್ಪು ಮಾತ್ರ. ಒಳಗೆ ಕೇಬಲ್, ಕೊಳವೆ, ರಾಡಾರ್, ಕ್ಷಿಪಣಿ ಕೂಡಿಸಿ, ಕಡಲಲ್ಲಿ ಓಡಿಸಿ ಪರೀಕ್ಷಿಸಲು ಇನ್ನೂ ಆರು ವರ್ಷ ಹಿಡಿಯಿತು. ಸೋವಿಯತ್ ಒಕ್ಕೂಟ ಒಡೆದುಹೋಗಿ, ಅಲ್ಲಿಂದ ಬರಬೇಕಿದ್ದ ಸಾಮಗ್ರಿ ತಡವಾದದ್ದೂ ಇದಕ್ಕೊಂದು ಕಾರಣ. ಕೊನೆಗೂ 1999ರ ಜೂನ್ 2ರಂದು, ಕಾರ್ಗಿಲ್‌ನಲ್ಲಿ ಕದನ ನಡೆಯುತ್ತಿದ್ದ ಹೊತ್ತಿನಲ್ಲಿ, ಅದು ಸೇವೆಗೆ ಸೇರಿತು. ಹೆಸರಿಗೆ ಮೊದಲು ‘ಐಎನ್‌ಎಸ್’ ಬರುವುದು ಅಂದಿನಿಂದಲೇ. ಅಲ್ಲಿಯವರೆಗೆ ಹಡಗುಕಟ್ಟೆಯ ಕಡತದಲ್ಲಿ ಅದು ಯಾರ್ಡ್ ನಂಬರು.

ಹೆಸರಿಡುವುದಕ್ಕೂ ಕ್ರಮವಿದೆ. ಡೆಸ್ಟ್ರಾಯರುಗಳಿಗೆ ಈಗ ಊರುಗಳ ಹೆಸರು: ದೆಹಲಿ, ಮುಂಬೈ, ಕೊಚ್ಚಿ, ಇಂಫಾಲ್, ಸೂರತ್. ಹಳೆಯ ನೌಕೆ ನಿವೃತ್ತಿಯಾದರೂ ಅದರ ಹೆಸರನ್ನು ಕೈಬಿಡುವುದಿಲ್ಲ, ಹೊಸದಕ್ಕೆ ಕೊಡುತ್ತಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯೇ ಅದು. ನನಗೆ ಇದರಲ್ಲಿ ದೊಡ್ಡ ಅರ್ಥ ಕಾಣುತ್ತದೆ. ಮೊದಲ ‘ಮೈಸೂರು’ ನಾವು ಕಟ್ಟಿದ್ದಲ್ಲ. ಬ್ರಿಟಿಷರ ‘ನೈಜೀರಿಯಾ’ ಎಂಬ ಹಳೆಯ ಕ್ರೂಸರನ್ನು ಕೊಂಡು 1957ರಲ್ಲಿ ಆ ಹೆಸರಿಟ್ಟೆವು. ಆಗ ನಮ್ಮ ರಾಜ್ಯದ ಹೆಸರೂ ಮೈಸೂರೇ. 1985ರಲ್ಲಿ ಅದು ನಿವೃತ್ತಿಯಾಯಿತು. ಹದಿನಾಲ್ಕು ವರ್ಷದ ಬಳಿಕ ಅದೇ ಹೆಸರು ನಮ್ಮ ಕೈಯಾರೆ ಕಟ್ಟಿದ ಹಡಗಿಗೆ ಬಂತು.

ಹೆಸರಿನ ಜೊತೆಗೆ ಋಣವೂ ಬಂತು. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರ ಹಿಡಿತದಲ್ಲಿದ್ದ ಅಂಜುದೀವ್ ದ್ವೀಪವನ್ನು ಬಿಡಿಸಿಕೊಳ್ಳಲು ಹೋದದ್ದು ಹಳೆಯ ‘ಮೈಸೂರು’ ಮತ್ತು ‘ತ್ರಿಶೂಲ್’ ನೌಕೆಗಳು. ಏಳು ಮಂದಿ ನಾವಿಕರು ಅಲ್ಲಿ ಪ್ರಾಣ ತೆತ್ತರು. ಆ ದ್ವೀಪ ಇರುವುದು ಕಾರವಾರದ ಮಗ್ಗುಲಲ್ಲೇ. ಎಂದಾದರೂ ಆ ಕಡೆ ಹೋದರೆ, ಕಡಲ ತಡಿಯಲ್ಲಿ ನಿಂತು ಅತ್ತ ಒಮ್ಮೆ ನೋಡಿ, ಜೊತೆಗಿರುವ ಮಕ್ಕಳಿಗೆ ಆ ಏಳು ಮಂದಿಯ ಕಥೆ ಹೇಳಿ.