ಮಕ್ಕಳ ಶ್ವಾಸರೋಗವೂ ಎದೆಯ ಕ್ಷ-ಕಿರಣ ಚಿತ್ರವೂ

ಮಳೆಗಾಲವು ಹಿಂಜರಿದು ಚಳಿಯು ಕಾಲಿಡುವ ಹೊತ್ತಿಗೆ ಹೊಸಪೇಟೆಯ ಆಸ್ಪತ್ರೆಗಳ ಜಗಲಿಯಲ್ಲಿ, ಕೆಮ್ಮುವ ಕೂಸುಗಳನ್ನು ಸೆರಗಿನಲ್ಲಿ ಸುತ್ತಿಕೊಂಡ ತಾಯಂದಿರು ಕುಳಿತಿರುವುದುಂಟು. ಕಂಪ್ಲಿಯ ಗದ್ದೆಬಯಲು, ಸಂಡೂರಿನ ಗಣಿಪ್ರದೇಶ, ಹಂಪೆಯ ಸುತ್ತಣ ಹಳ್ಳಿಗಳು—ಬಂದ ಊರು ಯಾವುದಾದರೂ ಹಲವರ ಬೇಡಿಕೆ ಒಂದೇ: "ಒಂದು ಎಕ್ಸ್‌ರೇ ತೆಗೆದು ನೋಡ್ರಿ ಸಾರ್." ಕೈಯಲ್ಲೊಂದು ಫಿಲ್ಮು ಇದ್ದರೆ ರೋಗವೇ ಕೈಗೆ ಸಿಕ್ಕಿತೆಂಬ ಭಾವನೆ. ಈ ಭಾವನೆಯು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಾರ್ಹವಾಗಿದೆ.

ಜರ್ಮನಿಯ ರಾಂಟ್ಜನ್ ಮಹಾಶಯನು 1895ರ ನವೆಂಬರ್ 8ರಂದು ಈ ಕಿರಣಗಳನ್ನು ಕಂಡಾಗ ಅವುಗಳ ಸ್ವರೂಪವು ತಿಳಿಯದಿದ್ದುದರಿಂದ ಬೀಜಗಣಿತದ ಅಜ್ಞಾತರಾಶಿಯ ಅಕ್ಷರವನ್ನೇ ಹೆಸರಾಗಿಟ್ಟನು. ಕನ್ನಡದ 'ಕ್ಷ'ವೂ ಆ ಅಜ್ಞಾತವನ್ನೇ ಸೂಚಿಸುತ್ತದೆ; ಹೆಸರಿನಲ್ಲಿರುವ ಈ ಎಚ್ಚರಿಕೆಯನ್ನು ಜನರು ಮರೆತಿದ್ದಾರೆ. ಗಾಳಿ ತುಂಬಿದ ಪುಪ್ಪುಸವನ್ನು ಕಿರಣಗಳು ಸಲೀಸಾಗಿ ದಾಟುವುದರಿಂದ ಅದು ಕಪ್ಪಾಗಿಯೂ, ಎಲುಬು ಬೆಳ್ಳಗೂ, ನೀರು-ಕಫಗಳು ಮಾಸಲು ಬಿಳುಪಾಗಿಯೂ ಮೂಡುತ್ತವೆ. ಚಿತ್ರದಲ್ಲಿರುವುದು ನೆರಳೇ ಹೊರತು ರೋಗಾಣುವಲ್ಲ.

ಎರಡು ವರ್ಷದೊಳಗಿನ ಶಿಶುಗಳನ್ನು ಬಹಳವಾಗಿ ಕಾಡುವ ವಿಷಾಣು ಆರ್.ಎಸ್.ವಿ. ಎಂಬುದು. 1956ರಲ್ಲಿ ಅಮೆರಿಕದಲ್ಲಿ ಚಿಂಪಾಂಜಿಗಳಲ್ಲಿ ಇದು ಮೊದಲು ಪತ್ತೆಯಾಯಿತು. ಇದು ಅತಿಸೂಕ್ಷ್ಮ ಶ್ವಾಸನಾಳಗಳ ಒಳಪೊರೆಯನ್ನು ಬಾತುಕೊಳ್ಳುವಂತೆ ಮಾಡುತ್ತದೆ. ಒಳಹೊಕ್ಕ ಗಾಳಿಯು ಹೊರಬರಲಾರದೆ ಪುಪ್ಪುಸವು ಉಬ್ಬಿ, ವಪೆಯು ಚಪ್ಪಟೆಯಾಗುತ್ತದೆ. ನಾಳವು ಪೂರ್ತಿ ಕಟ್ಟಿಕೊಂಡಲ್ಲಿ ಆಚೆಗಿನ ಗಾಳಿಯು ಹೀರಲ್ಪಟ್ಟು ಆ ಭಾಗವು ಕುಸಿಯುತ್ತದೆ. ಶಿಶುಗಳಲ್ಲಿ ಬಲ ಪುಪ್ಪುಸದ ಮೇಲ್ಭಾಗವು ಹೀಗಾಗುವುದು ಸಾಮಾನ್ಯ. ಕುಸಿದ ಈ ಭಾಗವು ಚಿತ್ರದಲ್ಲಿ ಬಿಳಿಯ ಕಲೆಯಾಗಿ, ಬ್ಯಾಕ್ಟೀರಿಯಾದ ನ್ಯುಮೋನಿಯಾದಂತೆಯೇ ತೋರುತ್ತದೆ! ರೋಗವು ವಿಷಾಣುವಿನದೋ ಬ್ಯಾಕ್ಟೀರಿಯಾದ್ದೋ ಎಂಬುದನ್ನು ಚಿತ್ರವೊಂದರಿಂದಲೇ ನಿರ್ಧರಿಸಲಾಗದು. ಆದರೂ ಕಲೆಯನ್ನು ಕಂಡೊಡನೆ ಆಂಟಿಬಯಾಟಿಕ್ ಬೇಕೆಂದು ಹೆತ್ತವರು ಪಟ್ಟು ಹಿಡಿಯುತ್ತಾರೆ. ವಿಷಾಣುವಿನ ಮೇಲೆ ಆ ಔಷಧವು ನಿಷ್ಪ್ರಯೋಜಕ.

ಭ್ರಾಂತಿಗೆ ಬೇರೆ ಕಾರಣಗಳೂ ಇವೆ. ಕೂಸು ಉಸಿರು ಬಿಟ್ಟಾಗ ತೆಗೆದ ಚಿತ್ರದಲ್ಲಿ ಆರೋಗ್ಯವಂತ ಪುಪ್ಪುಸವೂ ಮಸುಕಾಗಿ ಕಾಣುತ್ತದೆ. ಎಳೆಯರ ಎದೆಯಲ್ಲಿ ಸಹಜವಾಗಿರುವ ಥೈಮಸ್ ಗ್ರಂಥಿಯು ದೋಣಿಯ ಹಾಯಿಯಂತೆ ಚಾಚಿಕೊಂಡು, ಅನುಭವವಿಲ್ಲದ ಕಣ್ಣಿಗೆ ರೋಗವೆಂದೇ ತೋರುವುದುಂಟು. ಸಂಡೂರಿನ ಕಡೆಯವರಿಗೆ ಇನ್ನೊಂದು ಶಂಕೆ: ಗಣಿಯ ಕೆಂಧೂಳು ಮಗುವಿನ ಎದೆಯಲ್ಲಿ ಕೂತಿರಬಹುದೆ? ಧೂಳಿನಿಂದ ಕೆಮ್ಮು ಹೆಚ್ಚಬಹುದು, ಒಲೆಯ ಹೊಗೆಯಿಂದಲೂ ಹೆಚ್ಚುತ್ತದೆ. ಆದರೆ ಚಿತ್ರದಲ್ಲಿ ಮೂಡುವಷ್ಟು ಧೂಳು ಸೇರುವುದು ವರ್ಷಗಟ್ಟಲೆ ದುಡಿದ ಕಾರ್ಮಿಕರಲ್ಲಿ.

ಹಾಗಾದರೆ ಮೊದಲು ನೋಡಬೇಕಾದುದೇನು? ಉಸಿರು. ಅಳು ನಿಂತ ಮೇಲೆ ಅಂಗಿಯನ್ನೆತ್ತಿ ಪೂರ್ತಿ ಒಂದು ನಿಮಿಷ ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎರಡು ತಿಂಗಳೊಳಗಿನ ಶಿಶುವಿಗೆ 60, ಒಂದು ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಅಥವಾ ಅದಕ್ಕೆ ಮೀರಿದ ಉಸಿರು ವೇಗದ ಉಸಿರಾಟ. ಎದೆಯ ಕೆಳಭಾಗವು ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಮಗು ಹಾಲು ಬಿಟ್ಟರೆ ತಡಮಾಡಲಾಗದು. ಅಂಥ ಕೂಸಿಗೆ ಮೊದಲು ಆಮ್ಲಜನಕ, ಆಮೇಲೆ ಎಕ್ಸ್‌ರೇ. ಸರದಿಯಲ್ಲಿ ಕಾಯಿಸಿದರೆ ಪ್ರಾಣಕ್ಕೇ ಅಪಾಯ.

ಕ್ಷ-ಕಿರಣವು ಅನಾವಶ್ಯಕವೆಂದು ಇದರ ಅರ್ಥವಲ್ಲ. ರೋಗವು ಉಲ್ಬಣಿಸಿದಾಗ, ಚಿಕಿತ್ಸೆಗೆ ಬಗ್ಗದಿದ್ದಾಗ, ಪುಪ್ಪುಸದ ಹೊರಗೆ ಕೀವು-ನೀರು ತುಂಬಿದ ಶಂಕೆಯಿದ್ದಾಗ ಅದು ಅತ್ಯಾವಶ್ಯಕ. ಶೇಂಗಾ ತಿನ್ನುತ್ತಿದ್ದಾಗಲೇ ಕೆಮ್ಮು ಹಠಾತ್ತನೆ ಹತ್ತಿದರೂ ಹಾಗೆಯೇ. ಬೀಜವು ಚಿತ್ರದಲ್ಲಿ ಕಾಣದಿದ್ದರೂ ಅದು ತಡೆಹಿಡಿದ ಗಾಳಿಯು ಕಾಣಬಹುದು. ಒಂದು ಚಿತ್ರದಿಂದ ತಗಲುವ ವಿಕಿರಣವು, ಪ್ರಕೃತಿಯಿಂದ ಕೆಲವೇ ದಿನಗಳಲ್ಲಿ ತಗಲುವಷ್ಟು; ಭಯಪಡಬೇಕಾಗಿಲ್ಲ. ಸಿ.ಟಿ. ಸ್ಕ್ಯಾನಿನದು ಅದರ ಹತ್ತಾರು ಪಟ್ಟು. ಶಬ್ದತರಂಗಗಳ ಅಲ್ಟ್ರಾಸೌಂಡಿನಲ್ಲಿ ವಿಕಿರಣವೇ ಇಲ್ಲವಾದುದರಿಂದ ಮಕ್ಕಳ ಎದೆಯ ಪರೀಕ್ಷೆಗೂ ಅದರ ಬಳಕೆ ಹೆಚ್ಚುತ್ತಿದೆ.

ತೆಗೆಸಿದ ಫಿಲ್ಮನ್ನು ಮನೆಯಲ್ಲಿ ಬಿಟ್ಟು ಹೋಗುವುದು ಬಹುಜನರ ವಾಡಿಕೆ. 1961ರಲ್ಲಿ ಸ್ಥಾಪಿತವಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಮಗುವನ್ನು ಒಯ್ಯಬೇಕಾಗಿ ಬಂದಾಗ ಆ ಫಿಲ್ಮು ಜೊತೆಗಿರಲಿ. ಮೊದಲಿನ ಕಲೆಯು ಕರಗಿತೋ ಹಬ್ಬಿತೋ ಎಂಬುದನ್ನು ಅಲ್ಲಿನ ವೈದ್ಯರು ಅದನ್ನು ಪಕ್ಕದಲ್ಲಿಟ್ಟುಕೊಂಡೇ ಹೇಳಬಲ್ಲರು.