ಸ್ಕೌಟ್ ದಳದ ಬೀರುವಿನ ಕೀಲಿ ಯಾರ ಕೈಯಲ್ಲಿರಬೇಕು?

ನಾನು ಹೈಸ್ಕೂಲು ಓದುವಾಗ ನಮ್ಮ ಶಾಲೆಯ ಸ್ಕೌಟ್ ದಳಕ್ಕೆ ಊರಲ್ಲಿ ಒಳ್ಳೆಯ ಹೆಸರಿತ್ತು. ಅದನ್ನು ನಡೆಸುತ್ತಿದ್ದವರು ಒಬ್ಬರೇ ಗುರುಗಳು. ಧ್ವಜ ಕಟ್ಟುವವರು ಅವರೇ, ಗಂಟು ಕಲಿಸುವವರು ಅವರೇ, ರ್‍ಯಾಲಿಗೆ ಯಾರು ಹೋಗಬೇಕೆಂದು ಪಟ್ಟಿ ಬರೆಯುವವರು ಅವರೇ, ಶಿಬಿರದಲ್ಲಿ ಅನ್ನ ಬಸಿಯುವವರೂ ಅವರೇ. ನಾವು ಸಾಲಾಗಿ ನಿಂತು ಸೆಲ್ಯೂಟ್ ಹೊಡೆಯುತ್ತಿದ್ದೆವು, ಅಷ್ಟೇ. ಒಂದು ಜೂನ್‌ನಲ್ಲಿ ಅವರಿಗೆ ವರ್ಗಾವಣೆಯಾಯಿತು. ದಸರಾ ರಜೆ ಬರುವ ಹೊತ್ತಿಗೆ ದಳವೇ ಇರಲಿಲ್ಲ. ಸ್ಕಾರ್ಫು, ಹಗ್ಗ, ಬಾವುಟ, ರಜಿಸ್ಟರು ಎಲ್ಲ ಬೀರುವಿನಲ್ಲೇ ಇದ್ದವು. ಕೀಲಿ ಎಲ್ಲಿದೆ ಎಂಬುದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಆ ಗುರುಗಳಷ್ಟು ದುಡಿದವರನ್ನು ನಾನು ಹೆಚ್ಚು ಕಂಡಿಲ್ಲ. ಆದರೂ ಅವರು ಹೋದ ಮೇಲೆ ಏನೂ ಉಳಿಯಲಿಲ್ಲ. ಈಗ ನಮ್ಮ ಕಾಲೇಜಿನ ರೋವರ್ ಮತ್ತು ರೇಂಜರ್ ಘಟಕದ ಕೆಲಸ ನನ್ನ ಪಾಲಿಗೆ ಬಂದಿರುವಾಗ ಆ ಬೀರು ಮತ್ತೆ ಮತ್ತೆ ನೆನಪಾಗುತ್ತದೆ. ಹಿರಿಯರು ಎಷ್ಟು ಮಾಡಬೇಕು, ಎಲ್ಲಿ ಕೈ ಬಿಡಬೇಕು? ಸ್ಕೌಟಿಂಗ್ ಹುಟ್ಟಿದಾಗಿನಿಂದ ಇದಕ್ಕೆ ಒಂದು ಸ್ಪಷ್ಟ ಉತ್ತರವಿದೆ. ಅದನ್ನು ನಾವು ಹೆಚ್ಚಾಗಿ ಮರೆತಿದ್ದೇವೆ.

ವಿದ್ಯಾರ್ಥಿ ಮಿತ್ರರೇ, ಕಥೆ ಶುರುವಾಗುವುದು ದಕ್ಷಿಣ ಆಫ್ರಿಕಾದ ಮಫೆಕಿಂಗ್ ಎಂಬ ಸಣ್ಣ ಪಟ್ಟಣದಿಂದ. 1899ರ ಅಕ್ಟೋಬರ್‌ನಿಂದ 1900ರ ಮೇ ತಿಂಗಳವರೆಗೆ, 217 ದಿನ, ಬೋಯರ್ ಸೈನ್ಯ ಆ ಪಟ್ಟಣವನ್ನು ಸುತ್ತುವರಿದಿತ್ತು. ಒಳಗಿದ್ದ ಬ್ರಿಟಿಷ್ ಪಡೆಯ ಮುಖ್ಯಸ್ಥ ಬೇಡನ್ ಪೊವೆಲ್. ದೊಡ್ಡವರೆಲ್ಲ ಕಾವಲಿಗೆ ಬೇಕಾಗಿದ್ದರಿಂದ ಹುಡುಗರ ಒಂದು ಪಡೆ ಕಟ್ಟಿ ಪತ್ರ ಮುಟ್ಟಿಸುವ, ಸುದ್ದಿ ಒಯ್ಯುವ ಕೆಲಸವನ್ನು ಅವರಿಗೆ ಕೊಟ್ಟರು. ಪಡೆ ಕಟ್ಟಿದ್ದು ಬೇಡನ್ ಪೊವೆಲ್ ಅಲ್ಲ, ಅವರ ಕೈಕೆಳಗಿನ ಅಧಿಕಾರಿ ಲಾರ್ಡ್ ಎಡ್ವರ್ಡ್ ಸೆಸಿಲ್. ಹುಡುಗರ ನಾಯಕ ವಾರ್ನರ್ ಗುಡಿಯರ್ ಎಂಬ 13 ವರ್ಷದ ಬಾಲಕ. ನಿಜವಾದ ಜವಾಬ್ದಾರಿ ಕೊಟ್ಟರೆ ಹುಡುಗರು ಅದನ್ನು ಹೊರುತ್ತಾರೆ ಎಂಬುದನ್ನು ಬೇಡನ್ ಪೊವೆಲ್ ಅಲ್ಲಿ ಕಣ್ಣಾರೆ ಕಂಡರು. ಯುದ್ಧದಲ್ಲಿ ಮಕ್ಕಳನ್ನು ಬಳಸಿದ್ದು ಸರಿಯೇ ಎಂದು ಇಂದು ಕೇಳಿದರೆ ಸರಿಯಲ್ಲ ಎಂದೇ ಹೇಳುತ್ತೇನೆ. ಆ ಮಾತು ಮುಂದೆ ಮತ್ತೆ ಬರುತ್ತದೆ.

1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಅವರು ಸುಮಾರು 20 ಹುಡುಗರ ಶಿಬಿರ ನಡೆಸಿದರು. ಕೆಲವರು ಶ್ರೀಮಂತರ ಶಾಲೆಗಳವರು, ಕೆಲವರು ದುಡಿಯುವವರ ಮಕ್ಕಳು. ಅವರನ್ನು ಬೆರೆಸಿ ತೋಳ, ಗೂಳಿ, ಕಾಡುಕಾಗೆ, ಕರ್ಲ್ಯೂ ಎಂಬ ನೀರುಹಕ್ಕಿ ಹೀಗೆ ನಾಲ್ಕು ಹೆಸರಿನ ತಂಡ ಮಾಡಿ, ಪ್ರತಿ ತಂಡವನ್ನೂ ಒಬ್ಬ ದೊಡ್ಡ ಹುಡುಗನಿಗೆ ಒಪ್ಪಿಸಿದರು. ತಂಡದ ಶಿಸ್ತಿಗೆ ಆ ಹುಡುಗನೇ ಹೊಣೆ. ಮರುವರ್ಷ, 1908ರಲ್ಲಿ, ‘ಸ್ಕೌಟಿಂಗ್ ಫಾರ್ ಬಾಯ್ಸ್’ ಪುಸ್ತಕ ಬಂತು. ಅದನ್ನು ಓದಿದ ಹುಡುಗರು ಎಷ್ಟೋ ಕಡೆ ಯಾರ ಅಪ್ಪಣೆಗೂ ಕಾಯದೆ ತಾವೇ ತಂಡ ಕಟ್ಟಿಕೊಂಡು, ಆಮೇಲೆ ತಮಗೊಬ್ಬ ಹಿರಿಯ ಬೇಕೆಂದು ಹುಡುಕಿಕೊಂಡು ಹೋದರು. ಮೊದಲು ಹುಡುಗರು, ನಂತರ ಮಾಸ್ತರರು!

ಹುಡುಗಿಯರ ಕಥೆ ಇನ್ನೂ ಚೆನ್ನಾಗಿದೆ. 1909ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್‌ಗಳ ದೊಡ್ಡ ರ್‍ಯಾಲಿ ನಡೆಯಿತು. ಸಾವಿರಾರು ಹುಡುಗರ ನಡುವೆ ಒಂದಷ್ಟು ಹುಡುಗಿಯರು ತಾವೇ ಹೊಂದಿಸಿಕೊಂಡ ಉಡುಪಿನಲ್ಲಿ ಬಂದು ನಿಂತು, ನಾವೂ ಸ್ಕೌಟ್‌ಗಳು ಎಂದರು. ಅವರನ್ನು ಯಾರೂ ಕರೆದಿರಲಿಲ್ಲ. ಮರುವರ್ಷವೇ ಗೈಡ್ ಸಂಸ್ಥೆ ಶುರುವಾಯಿತು. ಬೇಡನ್ ಪೊವೆಲ್ ಅವರ ತಂಗಿ ಆಗ್ನೆಸ್ ಅದರ ಮುಂದಾಳತ್ವ ವಹಿಸಿದರು. ಇಂದು ನಮ್ಮ ಕಾಲೇಜಿನ ರೇಂಜರ್‌ಗಳು ನೀಲಿ ಸಮವಸ್ತ್ರ ಹಾಕಿ ನಿಲ್ಲುವುದಕ್ಕೆ ಆ ಕರೆಯದೆ ಬಂದ ಹುಡುಗಿಯರೇ ಕಾರಣ. ನಮ್ಮ ಜಿಲ್ಲೆಯಲ್ಲೂ ಇದಕ್ಕೆ ಹತ್ತಿರದ ಉದಾಹರಣೆ ಇದೆ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನಾ.ಸು. ಹರ್ಡೀಕರರು ಸ್ವಯಂಸೇವಕರ ಪಡೆ ಕಟ್ಟಿದಾಗ ಮಹಿಳಾ ಸ್ವಯಂಸೇವಕರ ಹೊಣೆಯನ್ನು ಉಮಾಬಾಯಿ ಕುಂದಾಪುರ ಅವರಿಗೆ ಕೊಟ್ಟರು. ಅದು ಸ್ಕೌಟ್ ದಳವಲ್ಲ, ಅವರು ಚಿಕ್ಕವರೂ ಅಲ್ಲ. ಆದರೆ ಹೊಣೆ ಕೊಟ್ಟ ಮೇಲೆ ಪೂರ್ತಿ ಕೊಡುವುದು ಹೇಗೆ ಎಂಬುದಕ್ಕೆ ಅದು ಪಾಠ.

ಹಿರಿಯರು ಬಾಗಿಲು ಹಾಕಿದ ಸಂಗತಿಯನ್ನೂ ಮುಚ್ಚಿಡಬಾರದು. ಭಾರತದಲ್ಲಿ ಸ್ಕೌಟಿಂಗ್ ಶುರುವಾದದ್ದು ನಮ್ಮ ರಾಜ್ಯದಲ್ಲೇ, 1909ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಆಗ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಭಾರತೀಯ ಮಕ್ಕಳಿಗೆ ಪ್ರವೇಶವಿರಲಿಲ್ಲ. ಅದಕ್ಕೇ ಆನಿ ಬೆಸೆಂಟ್ ಮದ್ರಾಸಿನಲ್ಲಿ ಬೇರೆ ಸಂಘ ಕಟ್ಟಿದರು, ಮದನ ಮೋಹನ ಮಾಳವೀಯ ಮತ್ತು ಹೃದಯನಾಥ ಕುಂಜ್ರು ಸೇವಾ ಸಮಿತಿ ಸ್ಕೌಟ್ ಸಂಘ ಕಟ್ಟಿದರು. ಸ್ವಾತಂತ್ರ್ಯದ ನಂತರ, 1950ರ ನವೆಂಬರ್ 7ರಂದು, ಬೇರೆ ಬೇರೆ ಸಂಘಗಳು ಕೂಡಿ ಇಂದಿನ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ಮರುವರ್ಷ ಗೈಡ್‌ಗಳೂ ಅದರಲ್ಲಿ ಸೇರಿದರು.

ಈಗ ದಳ ನಡೆಯುವ ಬಗೆ ನೋಡೋಣ. ಮುಖ್ಯ ಘಟಕ ಪೆಟ್ರೋಲ್. ಬೈಕಿಗೆ ಹಾಕುವ ಪೆಟ್ರೋಲ್ ಅಲ್ಲ. ಆರರಿಂದ ಎಂಟು ಜನರ ಸಣ್ಣ ತಂಡ. ಅದಕ್ಕೆ ಒಬ್ಬ ಪೆಟ್ರೋಲ್ ಲೀಡರ್, ಅವನಿಗೊಬ್ಬ ಸೆಕೆಂಡ್. ಆರೆಂಟು ಜನವೇ ಏಕೆ? ಅಷ್ಟು ಜನರಲ್ಲಿ ಯಾರೂ ಹಿಂದಿನ ಸಾಲಿನಲ್ಲಿ ಅಡಗಿಕೊಳ್ಳಲು ಆಗುವುದಿಲ್ಲ. ಒಬ್ಬ ನೀರು ತರದಿದ್ದರೆ ಎಲ್ಲರಿಗೂ ಬಾಯಾರಿಕೆ. ಪೆಟ್ರೋಲ್ ಲೀಡರ್‌ಗಳು ಸೇರುವ ಸಭೆಯ ಹೆಸರು ಕೋರ್ಟ್ ಆಫ್ ಆನರ್. ಹೆಸರು ಕೇಳಿ ಕಟಕಟೆ ಇರುತ್ತದೆ ಎಂದುಕೊಳ್ಳಬೇಡಿ. ಕಾರ್ಯಕ್ರಮ ಏನು, ಹಣ ಎಷ್ಟು, ತಪ್ಪು ಮಾಡಿದವನಿಗೆ ಏನು ಮಾಡುವುದು ಎಂಬುದೆಲ್ಲ ಅಲ್ಲಿ ನಿರ್ಧಾರವಾಗುತ್ತದೆ. ಸ್ಕೌಟ್ ಮಾಸ್ಟರ್ ಅಲ್ಲಿ ಕೂರುತ್ತಾರೆ, ಆದರೆ ಸಲಹೆಗಾರರಾಗಿ. ಮನೆಯಲ್ಲಿ ಮದುವೆ ಗೊತ್ತಾದಾಗ ಎಲ್ಲರೂ ಕೂಡಿ ಮಶ್ವರಾ ಮಾಡುತ್ತಾರಲ್ಲ, ಹಾಗೆ. ಇಲ್ಲಿ ಮಾತಾಡುವವರು ಮಾತ್ರ ಕಿರಿಯರು. ನಿಮ್ಮ ವಯಸ್ಸಿನ ರೋವರ್‌ಗಳಿಗೆ ಇದೇ ಕೆಲಸ ಮಾಡುವುದು ಕ್ರೂ ಕೌನ್ಸಿಲ್. ರೋವರ್ ಲೀಡರ್ ಆದವರು, ಎಂದರೆ ನನ್ನಂಥವರು, ಅಲ್ಲಿ ಹೆಚ್ಚು ಮಾತಾಡಬಾರದು.

ಬಾಯಿ ಮುಚ್ಚಿ ಕೂರುವುದು ಮೇಷ್ಟ್ರಿಗೆ ಎಷ್ಟು ಕಷ್ಟ ಎಂಬುದು ಮೇಷ್ಟ್ರಿಗೇ ಗೊತ್ತು. ಕಳೆದ ವರ್ಷದ ಮೊದಲ ಸಭೆಯಲ್ಲಿ ನಾನು ‘ಎಲ್ಲಿಗೆ ಹೋಗೋಣ?’ ಎಂದು ಕೇಳಿದೆ. ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬ, ‘ಸರ್, ನೀವ ಹೇಳ್ರಿ’ ಎಂದ. ನಾನು ಹೇಳಿಬಿಟ್ಟೆ. ಅಲ್ಲಿಗೆ ಸಭೆ ಮುಗಿಯಿತು, ಅದು ನನ್ನ ಪ್ರವಾಸವಾಯಿತು. ಹತ್ತು ವರ್ಷ ಬೆಂಚಿನ ಮೇಲೆ ಕೂತು ಕೇಳಿದವರು ಎರಡು ನಿಮಿಷದಲ್ಲಿ ಮಾತು ಕಲಿಯಬೇಕೆಂದು ನಾನು ಅವಸರ ಮಾಡಿದ್ದೆ. ಇನ್ನೂ ಐದು ನಿಮಿಷ ಸುಮ್ಮನಿರಬೇಕಿತ್ತು.

ಹಾಗಾದರೆ ಹಿರಿಯರಿಗೆ ಕೆಲಸವೇ ಇಲ್ಲವೇ? ಇದೆ, ಮತ್ತು ಆ ಕೆಲಸವನ್ನು ಹುಡುಗರ ತಲೆಗೆ ಕಟ್ಟುವುದು ಅನ್ಯಾಯ. ಸೊಗಲದ ಜಲಪಾತಕ್ಕೆ ಒಂದು ದಿನದ ಹೈಕ್ ಎಂದು ಇಟ್ಟುಕೊಳ್ಳಿ. ಎಷ್ಟಕ್ಕೆ ಹೊರಡಬೇಕು, ಬುತ್ತಿಗೆ ರೊಟ್ಟಿ ಚಟ್ನಿ ಸಾಕೇ ಅಥವಾ ಅಲ್ಲೇ ಅಡಿಗೆ ಮಾಡಬೇಕೇ, ಯಾರು ಏನು ಹೊರಬೇಕು, ಇವೆಲ್ಲ ನಿಮ್ಮ ನಿರ್ಧಾರ. ಅನ್ನ ತಳ ಹತ್ತಲಿ, ಟೆಂಟು ವಾಲಲಿ, ಉಪ್ಪು ಮರೆತು ಹೋಗಲಿ. ಆ ತಪ್ಪುಗಳಿಗೆ ನಾನು ಅಡ್ಡ ಬರುವುದಿಲ್ಲ. ತಳ ಹತ್ತಿದ ಅನ್ನ ಉಂಡವನು ಮುಂದಿನ ಸಲ ಉರಿ ನೋಡಿಕೊಳ್ಳುತ್ತಾನೆ. ಆದರೆ ನೀರಿಗೆ ಇಳಿಯಬೇಕೇ ಎಂಬುದು ಮತಕ್ಕೆ ಹಾಕುವ ವಿಷಯವಲ್ಲ. ಮಲಪ್ರಭಾ ದಂಡೆಯಲ್ಲಾದರೂ ಅಷ್ಟೇ, ಸೊಗಲದಲ್ಲಾದರೂ ಅಷ್ಟೇ. ಎಲ್ಲರೂ ಕೈ ಎತ್ತಿದರೂ ನಾನು ಬೇಡ ಎನ್ನುತ್ತೇನೆ. ಪಾಲಕರ ಒಪ್ಪಿಗೆ ಪತ್ರ, ರೇಂಜರ್‌ಗಳ ಜೊತೆ ಮೇಡಂ ಇರುವುದು, ಯಾವ ವಿದ್ಯಾರ್ಥಿಯೂ ಒಬ್ಬ ಹಿರಿಯರ ಜೊತೆ ಒಂಟಿಯಾಗಿ ಉಳಿಯದಂತೆ ನೋಡಿಕೊಳ್ಳುವುದು, ದೊಡ್ಡವನು ಸಣ್ಣವನನ್ನು ಗೋಳು ಹೊಯ್ದುಕೊಂಡರೆ ತಡೆಯುವುದು ಹಿರಿಯರ ಪಾಲು. ಮಫೆಕಿಂಗ್‌ನ ಬಗ್ಗೆ ಆಗಲೇ ಹೇಳಿದ್ದು ಇದಕ್ಕೇ: ಜವಾಬ್ದಾರಿ ಕೊಡುವುದು ಬೇರೆ, ಅಪಾಯಕ್ಕೆ ಒಡ್ಡುವುದು ಬೇರೆ. ಪಾಲಕರು ಮಗಳನ್ನು ಕಳಿಸಲು ಹಿಂಜರಿದರೆ ಅದು ಅವರ ತಪ್ಪಲ್ಲ. ಅವರ ಮನೆಗೆ ಹೋಗಿ ಯಾರು ಇರುತ್ತಾರೆ, ಎಲ್ಲಿ ಮಲಗುತ್ತಾರೆ, ಎಷ್ಟಕ್ಕೆ ವಾಪಸ್ಸು ಎಂದು ಹೇಳಬೇಕಾದವರು ನಾವು.

ಹಣದ ವಿಷಯದಲ್ಲಿ ಲೆಕ್ಕ ಬರೆಯುವವರು ನೀವು, ತಿಂಗಳಿಗೊಮ್ಮೆ ನೋಡುವವನು ನಾನು. ಅಷ್ಟು ಸಾಕು.

ಹಲವರು ಕೇಳುವ ಇನ್ನೊಂದು ಪ್ರಶ್ನೆ, ಪ್ರತಿಜ್ಞೆಯದು. ಸ್ಕೌಟ್ ಪ್ರತಿಜ್ಞೆಯಲ್ಲಿ ದೇವರ ಮತ್ತು ದೇಶದ ಬಗೆಗಿನ ಕರ್ತವ್ಯದ ಮಾತಿದೆ. ಬೇಕಾದವರು ದೇವರು ಎಂಬಲ್ಲಿ ಧರ್ಮ ಎಂದು ಹೇಳಬಹುದು. ಅವರವರ ಧರ್ಮವನ್ನು ಅವರವರು ಪಾಲಿಸಲು ದಳದಲ್ಲಿ ಅಡ್ಡಿಯಿಲ್ಲ. ಶಿಬಿರದ ವೇಳಾಪಟ್ಟಿಯಲ್ಲಿ ನಮಾಜಿಗೆ ಹೊತ್ತು ಬಿಡಬೇಕೆಂಬುದನ್ನು, ಮಾಂಸ ತಿನ್ನದ ಗೆಳೆಯನಿಗೆ ಬೇರೆ ಪಾತ್ರೆ ಇಡಬೇಕೆಂಬುದನ್ನು ಸಹ ಕೌನ್ಸಿಲ್ಲೇ ನೋಡಿಕೊಳ್ಳಬೇಕು. ಇಂಥವು ಸಣ್ಣವು ಎನಿಸುತ್ತವೆ. ಶಿಬಿರದಲ್ಲಿ ಮನಸ್ತಾಪ ಹುಟ್ಟುವುದು ಇಂಥವುಗಳಿಂದಲೇ.

ಪಿಯು ಕಾಲೇಜಿಗೆ ಒಂದು ವಿಶೇಷ ತೊಂದರೆ ಇದೆ. ಹೈಸ್ಕೂಲಿನ ದಳಕ್ಕೆ ಹುಡುಗ ಮೂರು ವರ್ಷ ಸಿಗುತ್ತಾನೆ, ನಮಗೆ ಎರಡೇ ವರ್ಷ. ಪ್ರಥಮ ವರ್ಷ ಕಲಿಯುವುದರಲ್ಲಿ ಹೋಗುತ್ತದೆ. ದ್ವಿತೀಯ ವರ್ಷದಲ್ಲಿ ಡಿಸೆಂಬರ್ ದಾಟಿದರೆ ಪ್ರಾಯೋಗಿಕ ಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆ, ಆಮೇಲೆ ವಾರ್ಷಿಕ ಪರೀಕ್ಷೆ. ನಾಯಕನಾಗಿ ಸಿಗುವುದು ಆರು ತಿಂಗಳು. ಅದಕ್ಕೇ ಸೆಕೆಂಡ್ ಆದವರು ಕಡ್ಡಾಯವಾಗಿ ಪ್ರಥಮ ವರ್ಷದವರೇ ಇರಬೇಕು, ಡಿಸೆಂಬರ್‌ನಲ್ಲೇ ರಜಿಸ್ಟರು ಅವರ ಕೈಗೆ ಹೋಗಬೇಕು ಎಂದು ನಾನು ಕೌನ್ಸಿಲ್ ಮುಂದೆ ಇಟ್ಟಿದ್ದೇನೆ. ಹಿರಿಯರಿಗೂ ಕಲಿಯುವುದಿದೆ: ಬೇಸಿಕ್, ಅಡ್ವಾನ್ಸ್ಡ್, ಆಮೇಲೆ ಹಿಮಾಲಯ ವುಡ್ ಬ್ಯಾಡ್ಜ್ ಎಂದು ತರಬೇತಿಗಳಿವೆ. ಸಿಬ್ಬಂದಿಯಲ್ಲಿ ಇನ್ನೊಬ್ಬರಾದರೂ ಮುಂದೆ ಬಂದರೆ ನಾನು ಒಬ್ಬನೇ ಉಳಿಯುವುದು ತಪ್ಪುತ್ತದೆ. ಒಬ್ಬರೇ ಇದ್ದ ದಳದ ಗತಿ ಮೊದಲೇ ಹೇಳಿದೆನಲ್ಲ.

ನಮ್ಮ ಬೀರುವಿಗೆ ಈಗ ಎರಡು ಕೀಲಿ ಮಾಡಿಸಿದ್ದೇವೆ. ಒಂದು ಸೀನಿಯರ್ ರೋವರ್ ಮೇಟ್ ಬಳಿ, ಇನ್ನೊಂದು ರೇಂಜರ್‌ಗಳ ಬಳಿ. ಸೊಗಲದ ಹೈಕ್ ಯಾವಾಗ ಎಂದು ನನ್ನನ್ನು ಕೇಳಬೇಡಿ. ತಾರೀಖನ್ನು ಕೌನ್ಸಿಲ್ ಇನ್ನೂ ನನಗೆ ತಿಳಿಸಿಲ್ಲ.