ಸಿಂಹ ತಿಂದ ಲೆಕ್ಕ, ಜ್ವರ ತಿಂದ ಲೆಕ್ಕ

ನೈರೋಬಿಯ ರಿವರ್‌ಸೈಡ್ ಈಗ ರಾಯಭಾರ ಕಚೇರಿಗಳು, ಹೋಟೆಲುಗಳು, ಗಾಜಿನ ಕಟ್ಟಡಗಳಿರುವ ಉಳ್ಳವರ ಬಡಾವಣೆ. ಕಿಕುಯು ಕಡೆಯ ಒಂಡಿರಿ ಜೌಗಿನಲ್ಲಿ ಹುಟ್ಟುವ ನೈರೋಬಿ ನದಿ ಇದರ ಪಕ್ಕದಲ್ಲೇ ಇಳಿದು, ಚಿರೋಮೊ ದಾಟಿ, ಪೂರ್ವದ ತಗ್ಗಿಗೆ ಹರಿಯುತ್ತದೆ. ನದಿ ಒಂದೇ. ಎತ್ತರ ಯಾರಿಗೆ, ತಗ್ಗು ಯಾರಿಗೆ ಎಂಬುದು ನೂರಿಪ್ಪತ್ತು ವರ್ಷಗಳ ಹಿಂದೆಯೇ ತೀರ್ಮಾನವಾಗಿತ್ತು. ತೀರ್ಮಾನಿಸಿದ್ದು ರೈಲು.

ಮೊಂಬಾಸಾದಿಂದ ವಿಕ್ಟೋರಿಯಾ ಸರೋವರಕ್ಕೆ ಬ್ರಿಟಿಷರು ಹಾಕುತ್ತಿದ್ದ ಯುಗಾಂಡಾ ರೈಲ್ವೆಯ ಹಳಿ 1899ರ ಮೇ ಕೊನೆಗೆ 327ನೇ ಮೈಲಿ ತಲುಪಿತು. ಮುಂದೆ ಘಟ್ಟ. ಹತ್ತುವ ಮುನ್ನ ಯಾರ್ಡಿಗೆ ಸಮತಟ್ಟು ನೆಲ ಬೇಕು, ನೀರು ಬೇಕು. ಇಲ್ಲಿ ಎರಡೂ ಇದ್ದವು. ಹೀಗೆ ಜೌಗು ನೆಲದಲ್ಲಿ ಒಂದು ಊರು ಎದ್ದಿತು. ಸಾಹೇಬರು ದಿಣ್ಣೆಯ ಮೇಲೆ, ಭಾರತೀಯರ ಬಜಾರು ಕೆಳಗಿನ ಕೆಸರಲ್ಲಿ. 1902ರಲ್ಲಿ ಪ್ಲೇಗು ಕಾಣಿಸಿಕೊಂಡಾಗ ಬಜಾರಿಗೇ ಬೆಂಕಿಯಿಟ್ಟರು. ನಮ್ಮ ಬೆಂಗಳೂರಿನಲ್ಲಿ 1898ರ ಪ್ಲೇಗಿನ ಬೆನ್ನಿಗೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ನೈರೋಬಿಯಲ್ಲಿ ಮಾತ್ರ, ಊರನ್ನೇ ಬೇರೆಡೆ ಸಾಗಿಸಿ ಎಂದು ವೈದ್ಯರು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1907ರಲ್ಲಿ ಬಂದುಹೋದ ಚರ್ಚಿಲ್ ಕೂಡ, ಇನ್ನು ಬದಲಿಸಲು ಕಾಲ ಮೀರಿತು ಎಂಬ ಅರ್ಥದಲ್ಲೇ ಬರೆದ.

ಹಳಿ ಹಾಕಿದವರು ಬಹುಪಾಲು ಪಂಜಾಬಿನವರು. ಮೂರು ವರ್ಷದ ಕರಾರಿಗೆ ಹೆಬ್ಬೆಟ್ಟೊತ್ತಿ ಕರಾಚಿಯಲ್ಲಿ ಹಡಗು ಹತ್ತಿದವರು. ರೈಲ್ವೆಯ ಲೆಕ್ಕ ಹೀಗಿದೆ: ಬಂದವರು 31,983. ಕರಾರು ಮುಗಿಸಿ ಮರಳಿದವರು 16,312, ಅಲ್ಲೇ ಉಳಿದವರು 6,724, ಸತ್ತವರು 2,493. ಹಾಕಿದ ಹಳಿಯ ಉದ್ದಕ್ಕೆ ಭಾಗಿಸಿದರೆ ಮೈಲಿಗೆ ನಾಲ್ಕು ಹೆಣ. ಇನ್ನೊಂದು ಸಾಲೂ ಇದೆ: ಮೈಯಲ್ಲಿ ಕಸುವಿಲ್ಲ, ಕೆಲಸಕ್ಕೆ ಬಾರರು ಎಂದು ವಾಪಸು ಕಳಿಸಿದವರು, 6,454. ನನ್ನ ತಕರಾರು ಈ ಸಾಲಿನದು.

ಯುಗಾಂಡಾ ರೈಲ್ವೆ ಎಂದೊಡನೆ ಜಗತ್ತಿಗೆ ನೆನಪಾಗುವುದು ಇವರ್ಯಾರೂ ಅಲ್ಲ, ತ್ಸಾವೊ ಸೇತುವೆಯ ಎರಡು ಗಂಡು ಸಿಂಹಗಳು. 1898ರಲ್ಲಿ ಅವುಗಳ ಹಾವಳಿಗೆ ಹೆದರಿ ನೂರಾರು ಕೂಲಿಗಳು ಓಡಿಹೋದರು, ಮೂರು ವಾರ ಕೆಲಸ ನಿಂತಿತು. ಡಿಸೆಂಬರಿನಲ್ಲಿ ಎರಡನ್ನೂ ಹೊಡೆದ ಎಂಜಿನಿಯರ್ ಜಾನ್ ಹೆನ್ರಿ ಪ್ಯಾಟರ್ಸನ್ 1907ರಲ್ಲಿ ಪುಸ್ತಕ ಬರೆದ. ಸತ್ತ ಭಾರತೀಯರು 28 ಎಂದ. ಮುಂದೆ ಅದನ್ನು 135ಕ್ಕೆ ಏರಿಸಿದ. ಚರ್ಮಗಳನ್ನು ವರ್ಷಗಟ್ಟಲೆ ಮನೆಯಲ್ಲಿ ಹಾಸಿಕೊಂಡಿದ್ದು, 1924ರಲ್ಲಿ ಷಿಕಾಗೋದ ಫೀಲ್ಡ್ ಮ್ಯೂಸಿಯಂಗೆ ಐದು ಸಾವಿರ ಡಾಲರಿಗೆ ಮಾರಿದ. 2009ರಲ್ಲಿ ವಿಜ್ಞಾನಿಗಳು ಅವುಗಳ ಕೂದಲು, ಮೂಳೆ ಪರೀಕ್ಷಿಸಿ ಸುಮಾರು 35 ಜನರನ್ನು ತಿಂದಿರಬೇಕು ಎಂದರು. ಸಿಂಹದ ಲೆಕ್ಕಕ್ಕೆ ಇಷ್ಟು ಮುತುವರ್ಜಿ!

ಅದೇ ಪುಸ್ತಕದಲ್ಲಿ ಸಿಂಹದ ಸದ್ದಿನಲ್ಲಿ ಮುಚ್ಚಿಹೋದ ಒಂದು ಜಗಳವಿದೆ. ಕಲ್ಲುಕುಟಿಗನಿಗೆ ತಿಂಗಳಿಗೆ 45 ರೂಪಾಯಿ, ಬರಿ ಕೂಲಿಗೆ 12. ಹೀಗಾಗಿ ಉಳಿ ಹಿಡಿಯಲು ಬಾರದವರೂ ಕಲ್ಲುಕುಟಿಗರೆಂದು ಬರೆಸಿಕೊಂಡಿದ್ದರು. ಪ್ಯಾಟರ್ಸನ್, ಮಾಡಿದಷ್ಟು ಕೆಲಸಕ್ಕೆ ಅಷ್ಟೇ ಹಣ ಎಂದ. ಅವರು ಅವನನ್ನೇ ಮುಗಿಸಲು ಸಂಚು ಹೂಡಿದರು. ಕಲ್ಲುಕ್ವಾರಿಯಲ್ಲಿ ಸುತ್ತುವರಿದಾಗ ಅವನು ಬಂಡೆಯೇರಿ ಹಿಂದೂಸ್ತಾನಿಯಲ್ಲಿ ಮಾತಾಡಿ ಪಾರಾದ. ಇಂಥ ತಕರಾರುಗಳ ನಡುವೆ ಒಬ್ಬ ಕೂಲಿ ಏಳಲಾಗದಷ್ಟು ಕಾಯಿಲೆಯೆಂದು ಚಾರ್‌ಪಾಯಿ ಹಿಡಿದ. ನಟನೆ ಎಂದು ಬಗೆದ ಪ್ಯಾಟರ್ಸನ್ ಮರ ಕೀಸಿದ ಸಿಪ್ಪೆಯನ್ನು ಮಂಚದಡಿ ಸುರಿಸಿ ಬೆಂಕಿ ಹಚ್ಚಿದ. ಆತ ಚೀರಿ ಎದ್ದು ಓಡಿದ. ಪ್ಯಾಟರ್ಸನ್ ಇದನ್ನು ತಮಾಷೆಯಾಗಿ ಹೇಳುತ್ತಾನೆ. ಆ ಒಬ್ಬ ನಟಿಸಿರಲೂಬಹುದು. ಆದರೆ ಐವರಲ್ಲಿ ಒಬ್ಬ ಕೂಲಿ ಅಶಕ್ತನಾಗಿ ಮರಳಿದ ಕೆಲಸದಲ್ಲಿ, ರೋಗಿ ಮೊದಲು ಕಳ್ಳನಲ್ಲವೆಂದು ಸಾಬೀತುಪಡಿಸಬೇಕಿತ್ತು ಎಂಬುದು ನನಗೆ ನಗು ತರಿಸುವುದಿಲ್ಲ.

ಕೂಲಿಗಳನ್ನು ಮುರಿದದ್ದು ಮಲೇರಿಯಾ, ರಕ್ತಭೇದಿ, ಮಾಯದ ಹುಣ್ಣು. 1895ರಲ್ಲಿ ಕಾಲರಾ ತಡೆಯಲು ಬೆಂಗಳೂರಿಗೆ ಬಂದಿದ್ದ ರೊನಾಲ್ಡ್ ರಾಸ್, ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿ ಕಂಡದ್ದು 1897ರ ಆಗಸ್ಟ್‌ನಲ್ಲಿ, ಸಿಕಂದರಾಬಾದಿನಲ್ಲಿ. ಆ ಸುದ್ದಿ ಔಷಧಿ-ಪರದೆಯಾಗಿ ಹಳಿಯ ಪಕ್ಕದ ಡೇರೆಗೆ ಬರುವ ಹೊತ್ತಿಗೆ ಡೇರೆಗಳನ್ನೇ ಕಿತ್ತಾಗಿತ್ತು. ಜೊತೆಗೆ ಜಿಗ್ಗರ್ ಎಂಬ ಚಿಗಟ. ದಕ್ಷಿಣ ಅಮೆರಿಕದಿಂದ 1872ರಲ್ಲಿ ಅಂಗೋಲಾಕ್ಕೆ ಬಂದು ಖಂಡವನ್ನೇ ದಾಟಿದ ಪಿಡುಗು. ಹೆಣ್ಣು ಚಿಗಟ ಕಾಲ್ಬೆರಳ ಉಗುರಿನ ಸಂದಿಯಲ್ಲಿ ಚರ್ಮದೊಳಕ್ಕೆ ಇಳಿದು, ಮೊಟ್ಟೆ ತುಂಬಿ ಬಟಾಣಿಯಷ್ಟು ಊದುತ್ತದೆ. ಸೂಜಿಯಲ್ಲಿ ಇಡಿಯಾಗಿ ತೆಗೆಯಬೇಕು. ಒಡೆದರೆ ಕೀವು, ಬೆರಳೇ ಹೋಗಬಹುದು. ಬರಿಗಾಲಲ್ಲಿ ಹಳಿ ಹೊರುವವನಿಗೆ ಬೆರಳು ಹೋಯಿತೆಂದರೆ ಅನ್ನ ಹೋಯಿತು. ಇನ್ನು ಮರಳಿಮರಳಿ ಬರುವ ಮಲೇರಿಯಾ ಜ್ವರ ಗುಲ್ಮವನ್ನು ಊದಿಸಿ ರಕ್ತ ಹೀರುತ್ತದೆ. ಊರಿಗೆ ಹೋದ ಮೇಲೂ ಬಿಡುವುದಿಲ್ಲ.

ಕೆಲಸ ಬಿಟ್ಟ ಮೇಲೂ ಬಿಡದ ಕಾಯಿಲೆ ಎಂದರೆ ನಮಗೆ ಕೋಲಾರದ ಚಿನ್ನದ ಗಣಿ ನೆನಪಾಗಬೇಕು. ಅಲ್ಲಿ ಬಂಡೆ ಸಿಡಿದು ಸತ್ತರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಬಂಡೆ ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಗಟ್ಟಿ ಮಾಡಲು ಹತ್ತಾರು ವರ್ಷ ತೆಗೆದುಕೊಳ್ಳುತ್ತಿತ್ತು. 1940ರ ದಶಕದ ತಪಾಸಣೆಯಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಕಂಡಿತು. ಗಣಿಗೆ ಸ್ವಂತ ಆಸ್ಪತ್ರೆಯಿತ್ತು, ಎಕ್ಸ್‌ರೇ ಇತ್ತು, ಕಾರ್ಮಿಕ ಅಲ್ಲೇ ಲೈನ್ ಮನೆಯಲ್ಲಿದ್ದ. ಅದಕ್ಕೇ ಸಂಖ್ಯೆ ದಕ್ಕಿತು.

ರೈಲ್ವೆಯ ಕೂಲಿಯಾದರೋ ಸಮುದ್ರದಾಚೆ ಹೋದ. ವಾಪಸಿನ ಹಡಗು ಖರ್ಚು ಕೊಡುವುದು ಕರಾರಿನಲ್ಲಿತ್ತು, ಕೊಟ್ಟರು. ಆ 6,454 ಮಂದಿ ಪಂಜಾಬಿನ ಹಳ್ಳಿಗಳಲ್ಲಿ ಎಷ್ಟು ವರ್ಷ ಬದುಕಿದರು ಎಂಬ ಕಾಲಂ ಆ ಲೆಕ್ಕದಲ್ಲಿಲ್ಲ. ಕರಾರು ಮುಗಿಸಿ ಮರಳಿದರೆಂದು ಬರೆದುಕೊಂಡ 16,312 ಜನರ ಮುಂದೆಯೂ ಇಲ್ಲ.